ವ್ರತ ತಪ್ಪಿದ ಸ್ವಾಮಿಗೆ ನಾವು ಏನು ಹೇಳಬೇಕು?

ಸ್ವಾಮಿಯೇ ಶರಣಂ ಅಯ್ಯಪ್ಪ.

ಈ ವರ್ಷ ಮೊದಲ ಸಲ ಮಾಲೆ ಹಾಕಿರುವ ಕನ್ನಿಸ್ವಾಮಿಗಳು ದಯವಿಟ್ಟು ಕೊನೆಯವರೆಗೂ ಓದಿ. ನಾನು ಮಾಡಿದ ಒಂದು ತಪ್ಪಿನಿಂದ ಶುರುವಾದ ಯೋಚನೆ ಇದು.

ಹೋದ ವರ್ಷ ಪುಣೆಯ ನಮ್ಮ ತಂಡದಲ್ಲಿ ಒಬ್ಬ ಕನ್ನಿಸ್ವಾಮಿ ಇದ್ದರು. ವಯಸ್ಸು 24. ಹಾವೇರಿ ಕಡೆಯವರು, ಹಿಂಜವಡಿಯಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಕಾಲೇಜಿನ ದಿನಗಳಿಂದ ಸಿಗರೇಟು ಅಂಟಿಕೊಂಡಿತ್ತು, ದಿನಕ್ಕೆ ಹತ್ತು. ವೃಶ್ಚಿಕ ಮಾಸದ ಮೊದಲ ದಿನ ಮಾಲೆ ಹಾಕಿದರು, ಅದೇ ದಿನ ಸಿಗರೇಟು ಬಿಟ್ಟರು. ಬೆಳಗಿನ ಜಾವ ತಣ್ಣೀರು ಸ್ನಾನ, ಚಾಪೆಯ ಮೇಲೆ ಮಲಗುವುದು, ಶನಿವಾರದ ಭಜನೆ, ಯಾವುದನ್ನೂ ತಪ್ಪಿಸಲಿಲ್ಲ. 19ನೇ ದಿನ ಆಫೀಸಿನಲ್ಲಿ ರಾತ್ರಿಯಿಡೀ ಕೆಲಸ. ಅದಕ್ಕೂ ಮುಂಚೆ ಎರಡು ರಾತ್ರಿ ಸರಿಯಾಗಿ ನಿದ್ದೆ ಇರಲಿಲ್ಲ. ಜೊತೆಯವರೊಂದಿಗೆ ಟಪ್ರಿಗೆ ಚಹಾ ಕುಡಿಯಲು ಹೋದವರು ಒಂದು ಸಿಗರೇಟು ಸೇದಿಬಿಟ್ಟರು.

ಮರುದಿನ ಬೆಳಿಗ್ಗೆ ಮಾಲೆ ಬಿಚ್ಚಿ ದೇವರ ಪಟದ ಮುಂದಿಟ್ಟು ನಮ್ಮ ವಾಟ್ಸಾಪ್ ಗ್ರೂಪಿಗೆ ಬರೆದರು: "ನನ್ನಿಂದ ಆಗಲಿಲ್ಲ. ಕ್ಷಮಿಸಿ."

ಆಗ ನಾನು ಏಳು ಸಲ ಮಲೆ ಏರಿ ಬಂದವನು. ಎಲ್ಲರೂ ಓದುವ ಹಾಗೆ ಉತ್ತರ ಬರೆದೆ: "41 ದಿನ ತಡೆದುಕೊಳ್ಳಲು ಆಗದಿದ್ದರೆ ಭಕ್ತಿ ಎಲ್ಲಿದೆ? ಮನಸ್ಸಿದ್ದರೆ ಆಗುತ್ತಿತ್ತು." ಹಲವರು ಕೈಮುಗಿದ ಚಿಹ್ನೆ ಹಾಕಿ ಒಪ್ಪಿದರು. ಸಂಜೆಯೊಳಗೆ ಅವರು ಗ್ರೂಪ್ ಬಿಟ್ಟಿದ್ದರು.

ನಮ್ಮ ಗುರುಸ್ವಾಮಿ ವಾಟ್ಸಾಪ್ ನೋಡುವವರಲ್ಲ. ಶನಿವಾರ ಭಜನೆಗೆ ಬಂದಾಗ ವಿಷಯ ತಿಳಿಯಿತು. ಅವರು ಕೇಳಿದ್ದು ಇಷ್ಟೇ: "ಯಾರಾದರೂ ಅವರ ರೂಮಿಗೆ ಹೋಗಿ ಬಂದಿರಾ ಸ್ವಾಮಿ? ಊಟ ಮಾಡಿದ್ದಾರಂತಾ?"

ಯಾರೂ ಹೋಗಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. "ಮನಸ್ಸಿದ್ದರೆ ಆಗುತ್ತಿತ್ತು" ಎಂದು ಬರೆದೆನಲ್ಲ, ಆ ಮಾತು ನಿಜವೇ? ಮನಸ್ಸು ಎಂದರೆ ಏನು, ಅದನ್ನು ತಡೆಯುವುದು ಎಂದರೆ ಏನು ಎಂದು ತಿಳಿದವರ ಪುಸ್ತಕಗಳನ್ನು ಓದತೊಡಗಿದೆ. ನನಗೆ ಅರ್ಥವಾದದ್ದನ್ನು ಹೇಳುತ್ತೇನೆ.

ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಇದೆ. ಫಾರ್ವರ್ಡ್ ಮೆಸೇಜುಗಳಲ್ಲಿ ಅದನ್ನು "ಸುಖದ ರಾಸಾಯನಿಕ" ಎನ್ನುತ್ತಾರೆ. ಅದು ಪೂರ್ತಿ ಸರಿಯಲ್ಲ. 1990ರ ದಶಕದಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ಕೋತಿಗೆ ಹಣ್ಣಿನ ರಸ ಸಿಕ್ಕಾಗ ಆ ನರಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುಂಚೆ ಒಂದು ದೀಪ ಹತ್ತುತ್ತದೆ ಎಂದು ಕೋತಿ ಕಲಿತ ಮೇಲೆ, ದೀಪ ಕಂಡಾಗಲೇ ಚುರುಕಾಗತೊಡಗಿದವು. ರಸ ಬಂದಾಗ ಹೊಸದೇನೂ ಆಗಲಿಲ್ಲ. ದೀಪ ಹತ್ತಿಯೂ ರಸ ಬರದಿದ್ದರೆ, ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಅವುಗಳ ಚಟುವಟಿಕೆ ಕುಸಿಯಿತು.

ಅಂದರೆ ಡೋಪಮೈನ್ ಸುಖವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ "ಇದರ ಹಿಂದೆ ಅದು ಬರುತ್ತದೆ" ಎಂದು ಕಲಿಸುತ್ತದೆ, ಗಮನವನ್ನು ಆ ಕಡೆ ಎಳೆಯುತ್ತದೆ. ಕೆಂಟ್ ಬೆರಿಡ್ಜ್ ಎಂಬ ಇನ್ನೊಬ್ಬ ವಿಜ್ಞಾನಿ ತೋರಿಸಿದಂತೆ, ಒಂದು ವಸ್ತು ಬೇಕು ಅನ್ನಿಸುವುದೂ ಅದು ಹಿತ ಅನ್ನಿಸುವುದೂ ಮೆದುಳಿನಲ್ಲಿ ಬೇರೆ ಬೇರೆ. ಚಟ ಹಿಡಿದವನಿಗೆ ಹಿತ ಕಡಿಮೆಯಾಗುತ್ತಾ ಹೋದರೂ ಬೇಕು ಎಂಬುದು ಏರುತ್ತಲೇ ಹೋಗಬಹುದು.

ಈಗ ನಮ್ಮ ಕನ್ನಿಸ್ವಾಮಿಯ ಲೆಕ್ಕ ಹಾಕಿ ನೋಡಿ. ಎಳೆದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮೆದುಳನ್ನು ಮುಟ್ಟುತ್ತದೆ, ಡೋಪಮೈನ್ ಬಿಡುಗಡೆ ಮಾಡಿಸುತ್ತದೆ. ಒಂದು ಸಿಗರೇಟಿಗೆ ಹತ್ತು ದಮ್ಮು ಎಂದಿಟ್ಟುಕೊಂಡರೂ ದಿನಕ್ಕೆ 100. ವರ್ಷಕ್ಕೆ 36,500. ಐದು ವರ್ಷಕ್ಕೆ 1,80,000ಕ್ಕೂ ಹೆಚ್ಚು. ಇಷ್ಟು ಸಲ ಅವರ ಮೆದುಳು ಅದೇ ಪಾಠ ಕಲಿತಿದೆ: ಟಪ್ರಿ, ಚಹಾದ ಲೋಟ, ಜೊತೆಯವರ ನಗು, ಆಮೇಲೆ ನಿಕೋಟಿನ್. ಟಪ್ರಿಯೇ ಅವರ ಪಾಲಿನ ದೀಪ. ಸಿಗರೇಟು ಬಿಟ್ಟಾಗಿನ ಚಡಪಡಿಕೆ, ಸಿಟ್ಟು, ನಿದ್ದೆಗೇಡು ಮೊದಲ ವಾರದಲ್ಲಿ ಜೋರಾಗಿದ್ದು ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಆದರೆ ದೀಪ ಕಂಡಾಗ ಏಳುವ ಆಸೆ ತಿಂಗಳುಗಟ್ಟಲೆ ಉಳಿಯಬಹುದು.

ಅದನ್ನು ತಡೆಯುವ ಕೆಲಸ ಮುಖ್ಯವಾಗಿ ಹಣೆಯ ಹಿಂದಿರುವ ಮೆದುಳಿನ ಭಾಗದ್ದು. ಪ್ರಿಫ್ರಂಟಲ್ ಕಾರ್ಟೆಕ್ಸ್ ಎನ್ನುತ್ತಾರೆ. ಇಪ್ಪತ್ತರ ನಡುವಿನ ವಯಸ್ಸಿನ ತನಕ ಅದು ಬೆಳೆಯುತ್ತಲೇ ಇರುತ್ತದೆ. ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಹದವಾಗಿದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಒತ್ತಡ ವಿಪರೀತವಾದರೆ, ನಿದ್ದೆ ಕೆಟ್ಟರೆ, ಮೊದಲು ಸೋಲುವುದರಲ್ಲಿ ಅದೂ ಒಂದು. ಮೂರು ರಾತ್ರಿ ನಿದ್ದೆಗೆಟ್ಟ 24 ವರ್ಷದ ಹುಡುಗ ಟಪ್ರಿಯ ಮುಂದೆ ನಿಂತಿದ್ದಾಗ "ಮನಸ್ಸು" ಎಂದು ನಾನು ಕರೆದದ್ದು ಯಾವ ಸ್ಥಿತಿಯಲ್ಲಿತ್ತು ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಎಲ್ಲವೂ ರಾಸಾಯನಿಕವೇ ಆದರೆ ತಪ್ಪು ಯಾರದು? ಪುಣ್ಯ ಯಾರದು?

ಇದಕ್ಕೆ ವೈದ್ಯರಿಗೆಲ್ಲ ಗೊತ್ತಿರುವ ಒಂದು ಉದಾಹರಣೆ ಇದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತವೆ. ಡೋಪಮೈನ್ ಮಾಡುವ ಕೆಲಸವನ್ನೇ ಮಾಡುವ ಪ್ರಮಿಪೆಕ್ಸೋಲ್‌ನಂಥ ಮಾತ್ರೆಗಳನ್ನು ಕೊಡುತ್ತಾರೆ. ಕೈಕಾಲಿನ ಕಷ್ಟ ಕಡಿಮೆಯಾಗುತ್ತದೆ. ಆದರೆ ಕೆಲವು ರೋಗಿಗಳಲ್ಲಿ, ಜೀವಮಾನದಲ್ಲಿ ಇಸ್ಪೀಟು ಮುಟ್ಟದವರಿಗೂ ಜೂಜಿನ ಹುಚ್ಚು ಹಿಡಿಯುತ್ತದೆ. ಕೆಲವರಿಗೆ ಖರೀದಿಯ ಹುಚ್ಚು, ಕೆಲವರಿಗೆ ತಿನ್ನುವ ಹುಚ್ಚು. ವೈದ್ಯರು ಮಾತ್ರೆ ತಗ್ಗಿಸಿದಾಗ ಸಾಮಾನ್ಯವಾಗಿ ಆ ಹುಚ್ಚು ಇಳಿಯುತ್ತದೆ. ಅಂಥ ಹಿರಿಯರೊಬ್ಬರನ್ನು "ಇಳಿವಯಸ್ಸಿನಲ್ಲಿ ಬುದ್ಧಿ ಕೆಟ್ಟಿತು" ಎಂದು ಬೈದರೆ ನ್ಯಾಯವೇ? ಅವರು ಬದಲಾಗಿರಲಿಲ್ಲ. ಅವರೊಳಗಿನ ಎಳೆತ ಮಾತ್ರ ಹೆಚ್ಚಾಗಿತ್ತು.

ಇದನ್ನು ಓದಿದಾಗ ನನ್ನ ಬಗ್ಗೆಯೇ ಪ್ರಶ್ನೆ ಬಂತು. ಏಳು ವರ್ಷ ವ್ರತ ತಪ್ಪಲಿಲ್ಲ ಎಂದು ನಾನು ಹೆಮ್ಮೆ ಪಡುತ್ತಿದ್ದೆನಲ್ಲ, ಅದರಲ್ಲಿ ನನ್ನ ಸಾಧನೆ ಎಷ್ಟು? ನಾನು ಯಾವತ್ತೂ ಸಿಗರೇಟು ಸೇದಿದವನಲ್ಲ. ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಿಲ್ಲ. ಮೊದಲಿಂದಲೂ ಸಸ್ಯಾಹಾರಿ. ಅಂದಮೇಲೆ ನಾನು ಬಿಟ್ಟದ್ದಾದರೂ ಏನನ್ನು? ಅವರ ತಲೆಯ ಮೇಲೆ ಬಂಡೆ ಇತ್ತು, ನನ್ನ ತಲೆಯ ಮೇಲೆ ಹತ್ತಿ. ಇಬ್ಬರೂ 19 ದಿನ ನಡೆದೆವು, ಅವರು ಬಿದ್ದರು, ನಾನು ಕೈ ತೋರಿಸಿ ನಕ್ಕೆ.

ಇನ್ನೂ ನಿಜ ಹೇಳಬೇಕೆಂದರೆ, ನನ್ನ ಬಂಡೆ ಬೇರೆ ಇತ್ತು. ಅದನ್ನು ನಾನು ಇಳಿಸಿಯೇ ಇರಲಿಲ್ಲ. ಕಪ್ಪು ಬಟ್ಟೆ ಉಟ್ಟು, ಕೊರಳಲ್ಲಿ ಮಾಲೆ ಹಾಕಿಕೊಂಡು, ಚಾಪೆಯ ಮೇಲೆ ಮಲಗಿ, ರಾತ್ರಿ ಒಂದು ಗಂಟೆಯವರೆಗೆ ಫೋನಿನಲ್ಲಿ ರೀಲ್ಸ್ ನೋಡುತ್ತಿದ್ದೆ. ಶರಣು ಕೂಗುತ್ತಿರುವಾಗ ಜೇಬಿನಲ್ಲಿ ಫೋನ್ ನಡುಗಿದರೆ ಕೈ ತಾನಾಗಿ ಹೋಗುತ್ತಿತ್ತು. ಮುಂದಿನ ವಿಡಿಯೋ ಚೆನ್ನಾಗಿರಬಹುದು, ಇಲ್ಲದಿರಬಹುದು, ಆ ಅನಿಶ್ಚಯವೇ ಬೆರಳನ್ನು ಓಡಿಸುತ್ತದೆ. ಅದೂ ಅದೇ ಡೋಪಮೈನ್ ಪಾಠ. ಅವರನ್ನು ಬೈದು ಬರೆದದ್ದು ಕೂಡ ಅದೇ ಫೋನಿನಲ್ಲಿ, ಬರೆದ ಮೇಲೆ ಎಷ್ಟು ಜನ ಕೈಮುಗಿದರು ಎಂದು ಮತ್ತೆ ಮತ್ತೆ ತೆಗೆದು ನೋಡಿದೆ. ಅವರ ವ್ರತ 19ನೇ ದಿನ ಮುರಿಯಿತು. ನನ್ನದು ಮೊದಲ ದಿನವೇ ಮುರಿದಿತ್ತು. ವ್ಯತ್ಯಾಸ ಇಷ್ಟೇ, ಅವರದು ಪಟ್ಟಿಯಲ್ಲಿ ಬರೆದಿರುವ ತಪ್ಪು, ನನ್ನದು ಪಟ್ಟಿಯಲ್ಲಿ ಇರಲಿಲ್ಲ.

ಹದಿನೆಂಟು ಮೆಟ್ಟಿಲಿನ ಅರ್ಥವನ್ನು ಗುರುಸ್ವಾಮಿಗಳು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮೊದಲ ಐದು ಪಂಚೇಂದ್ರಿಯಗಳು. ಮುಂದಿನ ಎಂಟು ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ, ಅಸೂಯೆ, ದಂಭ. ಆಮೇಲೆ ಮೂರು ಗುಣ, ಕೊನೆಗೆ ವಿದ್ಯೆ ಮತ್ತು ಅವಿದ್ಯೆ. ಟಪ್ರಿಯಲ್ಲಿ ಬಿದ್ದವರು ಮೊದಲ ಐದರಲ್ಲಿ ಎಡವಿದರು. ಅವರನ್ನು ಬೈದ ನಾನು ಮದದಲ್ಲೂ ದಂಭದಲ್ಲೂ ಎಡವಿದ್ದೆ. ನನ್ನ ಮೆಟ್ಟಿಲು ಮೇಲಿನದು ಎಂದರೆ ಬಿದ್ದ ಪೆಟ್ಟೂ ದೊಡ್ಡದು.

ಹಾಗಾದರೆ ಯಾರದೂ ತಪ್ಪಿಲ್ಲ, ಎಲ್ಲ ಡೋಪಮೈನ್ ಮಹಿಮೆ ಎಂದು ಕೈ ತೊಳೆದುಕೊಳ್ಳೋಣವೇ? ಸ್ವಾಮಿ, ಹಾಗೆ ಅಂದುಕೊಂಡರೆ ಅದೂ ಮೋಸವೇ. ರಾಸಾಯನಿಕ ನಮ್ಮನ್ನು ರೂಪಿಸುತ್ತದೆ ಎಂಬುದು ಎಷ್ಟು ನಿಜವೋ, ನಾವು ದಿನಾ ಮಾಡುವ ಕೆಲಸ ಆ ರಾಸಾಯನಿಕದ ದಾರಿಯನ್ನು ಬದಲಾಯಿಸುತ್ತದೆ ಎಂಬುದೂ ಅಷ್ಟೇ ನಿಜ. ಕಲಿತ ಪಾಠದ ಮೇಲೆ ಹೊಸ ಪಾಠ ಬರೆಯಬಹುದು. ನನಗೆ ಅನ್ನಿಸುವುದು ಹೀಗೆ: ಹೊಣೆ ಇಲ್ಲವಾಗುವುದಿಲ್ಲ, ಅದರ ಜಾಗ ಬದಲಾಗುತ್ತದೆ. ಟಪ್ರಿಯ ಮುಂದೆ ನಿದ್ದೆಗೆಟ್ಟು ನಿಂತ ಆ ಒಂದು ನಿಮಿಷದಲ್ಲಿ ನಮ್ಮ ಸ್ವಾತಂತ್ರ್ಯ ಬಹಳ ಚಿಕ್ಕದು. ಆದರೆ ಮಧ್ಯಾಹ್ನ ಹೊಟ್ಟೆ ತುಂಬಿ, ತಲೆ ಶಾಂತವಾಗಿರುವಾಗ, "ಇವತ್ತು ರಾತ್ರಿ ಟಪ್ರಿಗೆ ಹೋಗುವುದಿಲ್ಲ, ಚಹಾ ಮೇಲೇ ತರಿಸಿಕೊಳ್ಳುತ್ತೇನೆ" ಎಂದು ನಿಶ್ಚಯಿಸುವ ಸ್ವಾತಂತ್ರ್ಯ ದೊಡ್ಡದು. ನಮ್ಮ ಹೊಣೆಯನ್ನು ಅಲ್ಲಿ ಹುಡುಕಬೇಕು.

ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ಸಿಹಿ ಇಟ್ಟು, "ನಾನು ಬರುವ ತನಕ ಕಾದರೆ ಎರಡು ಕೊಡುತ್ತೇನೆ" ಎಂದ ಪರೀಕ್ಷೆಯ ಬಗ್ಗೆ ಹಲವರು ಕೇಳಿರುತ್ತೀರಿ. ಕಾದು ಗೆದ್ದ ಮಕ್ಕಳು ಸಿಹಿಯನ್ನೇ ದಿಟ್ಟಿಸಿ ಹಲ್ಲು ಕಚ್ಚಿ ಕೂತವರಲ್ಲ. ಕಣ್ಣು ಮುಚ್ಚಿಕೊಂಡರು, ಬೆನ್ನು ತಿರುಗಿಸಿದರು, ತಮ್ಮಷ್ಟಕ್ಕೆ ಹಾಡಿಕೊಂಡರು. ಬಲಕ್ಕಿಂತ ಉಪಾಯ ದೊಡ್ಡದು.

ಇನ್ನೊಂದು ಸಂಗತಿ ವಿಯೆಟ್ನಾಂ ಯುದ್ಧದ್ದು. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೆರಾಯಿನ್‌ನಂಥ ಮಾದಕಗಳ ಚಟ ಹತ್ತಿತ್ತು. 1971ರಲ್ಲಿ ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ನೋಡಿದರು. ಚಟ ಹತ್ತಿದ್ದವರಲ್ಲಿ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಸುಮಾರು 5% ಮಾತ್ರ. ಅವರೆಲ್ಲ ಊರಿಗೆ ಬಂದ ಕೂಡಲೇ ಋಷಿಗಳಾದರು ಎಂದಲ್ಲ. ಜಾಗ ಬದಲಾಯಿತು, ಜೊತೆಯವರು ಬದಲಾದರು, ಭಯ ಹೋಯಿತು, ದೀಪಗಳು ಕಾಣದಾದವು.

ಈಗ ನಮ್ಮ ವ್ರತವನ್ನು ನೋಡಿ. ಬಟ್ಟೆಯ ಬಣ್ಣ ಬದಲು. ಏಳುವ ಹೊತ್ತು ಬದಲು. ಮಲಗುವ ಜಾಗ ಬದಲು. ಊಟ ಬದಲು. ಹೆಸರೇ ಬದಲು, ಮ್ಯಾನೇಜರ್ ಕೂಡ "ಸ್ವಾಮಿ" ಎಂದು ಕರೆಯುತ್ತಾರೆ. ಚಪ್ಪಲಿ ಇಲ್ಲದ ಕಾಲು ಹೆಜ್ಜೆ ಹೆಜ್ಜೆಗೂ ನೆನಪಿಸುತ್ತದೆ. ನೀನು ಒಬ್ಬನೇ ತಡೆದುಕೋ ಎಂದು ಹಿರಿಯರು ನಮ್ಮನ್ನು ಬಿಟ್ಟಿಲ್ಲ. ಒಂಟಿ ಮನಸ್ಸು ಸೋಲುತ್ತದೆ ಎಂದು ಗೊತ್ತಿದ್ದೇ ಸುತ್ತಲೂ ಬೇಲಿ ಕಟ್ಟಿಕೊಟ್ಟಿದ್ದಾರೆ. ವ್ರತ ಮನಸ್ಸಿನ ಬಲದ ಪರೀಕ್ಷೆ ಎಂದು ನಾನು ತಿಳಿದಿದ್ದೆ. ಈಗ ಅನ್ನಿಸುತ್ತದೆ, ಅದು ಮನಸ್ಸಿನ ದುರ್ಬಲತೆಯನ್ನು ಕರುಣೆಯಿಂದ ಒಪ್ಪಿಕೊಂಡ ಏರ್ಪಾಡು. ಊರಿನಲ್ಲಿ ಆ ಬೇಲಿ ತಾನಾಗಿ ಇರುತ್ತದೆ. ಮನೆಯಲ್ಲಿ ಅಮ್ಮ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಾರೆ, ಬೀದಿಯಲ್ಲಿ ನಾಲ್ಕು ಜನ ಸ್ವಾಮಿಗಳು ಸಿಗುತ್ತಾರೆ. ಪುಣೆಯ ಪಿಜಿಯಲ್ಲಿ, ಹೈದರಾಬಾದಿನ ಬಾಡಿಗೆ ರೂಮಿನಲ್ಲಿ ಆ ಬೇಲಿ ನಾವೇ ಒಬ್ಬರಿಗೊಬ್ಬರು ಆಗಬೇಕು. ನಮ್ಮ ಕನ್ನಿಸ್ವಾಮಿಗೆ ಆ ಮೂರು ರಾತ್ರಿ ಬೇಲಿ ಇರಲಿಲ್ಲ. ತಪ್ಪಿನಲ್ಲಿ ನನಗೂ ಪಾಲಿದೆ.

"41 ದಿನದಲ್ಲಿ ಮೆದುಳಿನ ವೈರಿಂಗ್ ಬದಲಾಗುತ್ತದೆ ಎಂದು ವಿಜ್ಞಾನ ಒಪ್ಪಿದೆ" ಎಂಬ ಮೆಸೇಜನ್ನು ದಯವಿಟ್ಟು ಕಳಿಸಬೇಡಿ. ಅಂಥ ನಿಖರ ಸಂಖ್ಯೆ ಇಲ್ಲ. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಅಂದಾಜು 18ರಿಂದ 254 ದಿನ, ನಡುವಿನ ಲೆಕ್ಕ 66 ದಿನ. ಮಂಡಲದ 41 ದಿನಕ್ಕೆ ನಮ್ಮ ಆಚಾರದ ಬೆಲೆ ಇದೆ, ಅದಕ್ಕೆ ಲ್ಯಾಬಿನ ಸರ್ಟಿಫಿಕೇಟು ಬೇಡ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಮುಖ್ಯ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳುವಂಥ ಪೆಟ್ಟು ಬೀಳಲಿಲ್ಲ. ಆಚಾರದ ಪ್ರಕಾರ ಭಂಗ ಭಂಗವೇ. ಅದಕ್ಕೆ ಪ್ರಾಯಶ್ಚಿತ್ತ ಏನು, ಈ ವರ್ಷ ಮಲೆಗೆ ಹೋಗಬಹುದೇ ಎಂಬುದನ್ನು ನಿಮ್ಮ ಗುರುಸ್ವಾಮಿ ಹೇಳಬೇಕು, ನಾನಲ್ಲ. ಆದರೆ ಸಿಗರೇಟು ಬಿಟ್ಟ 19 ದಿನ ಒಂದು ಸಿಗರೇಟಿನಿಂದ ಬೂದಿಯಾಗುವುದಿಲ್ಲ. ಬೂದಿ ಮಾಡುವುದು ಆಮೇಲಿನ ಮಾತು: "ಹೇಗೂ ಮುರಿಯಿತು, ಇನ್ನೇನು, ಪೂರ್ತಿ ಸೇದಿಬಿಡೋಣ." ನನ್ನ ಮೆಸೇಜು ಅವರನ್ನು ಆ ಮಾತಿನ ಕಡೆಗೇ ದೂಡಿತ್ತು.

ಭಗವದ್ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ ಎಂದು ದೂರುತ್ತಾನೆ. ಕೃಷ್ಣ ಅವನನ್ನು ದುರ್ಬಲ ಎಂದು ಬೈಯುವುದಿಲ್ಲ. ಕಷ್ಟ ಹೌದು ಎಂದು ಒಪ್ಪಿ, ಅಭ್ಯಾಸ ಮತ್ತು ವೈರಾಗ್ಯದ ದಾರಿ ತೋರಿಸುತ್ತಾನೆ. ಅದಾದ ಮೇಲೆ ಅರ್ಜುನ ಕೇಳುವ ಪ್ರಶ್ನೆ ನಮ್ಮದೇ: ಶ್ರದ್ಧೆ ಇದ್ದು ದಾರಿಯಲ್ಲಿ ಜಾರಿದವನ ಗತಿ ಏನು, ಅವನು ಹರಿದ ಮೋಡದ ಹಾಗೆ ಎಲ್ಲಿಯೂ ಸಲ್ಲದೆ ಹೋಗುತ್ತಾನೆಯೇ? ಅಂಥವನಿಗೆ ನಾಶವಿಲ್ಲ, ನಡೆದಷ್ಟು ದಾರಿ ಅವನ ಜೊತೆಗೇ ಇರುತ್ತದೆ ಎಂಬುದು ಕೃಷ್ಣನ ಉತ್ತರದ ಸಾರ. ದೇವರು ಹೇಳದ ಮಾತನ್ನು ನಾನು ವಾಟ್ಸಾಪಿನಲ್ಲಿ ಹೇಳಿದ್ದೆ.

ಮಕರಜ್ಯೋತಿ ಮುಗಿಸಿ ಬಂದ ಮೇಲೆ ಅವರ ಪಿಜಿಗೆ ಹೋದೆ. "ಸ್ವಾಮಿ" ಎಂದು ಕರೆದೆ. "ಹಾಗೆ ಕರೀಬೇಡ್ರಿ ಅಣ್ಣ, ಕೊರಳಾಗ ಮಾಲೆ ಇಲ್ಲ" ಎಂದರು. ನಾನು ಕ್ಷಮೆ ಕೇಳಿದೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹೊರಡುವಾಗ ಒಂದೇ ಮಾತು ಕೇಳಿದರು: "ಆ ರಾತ್ರಿ ನಿಮಗ ಫೋನ್ ಮಾಡಿದ್ರ ಎತ್ತತಿದ್ರೇನು?" ಎತ್ತುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ.

ಈ ವರ್ಷ ಅವರು ಮತ್ತೆ ಮಾಲೆ ಹಾಕಿದ್ದಾರೆ. ಕೊನೆಯ ತನಕ ನಡೆಯುತ್ತಾರೋ ಇಲ್ಲವೋ, ಅದನ್ನು ಬರೆದು ಚಪ್ಪಾಳೆ ಗಿಟ್ಟಿಸುವ ಹಕ್ಕು ನನಗಿಲ್ಲ. ನಾನು ಮಾಡಿದ್ದು ಇಷ್ಟು. ಅವರ ರಾತ್ರಿ ಪಾಳಿಯ ದಿನಗಳನ್ನು ಬರೆದಿಟ್ಟುಕೊಂಡಿದ್ದೇನೆ, ಆ ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ. ರೀಲ್ಸ್ ಆಪ್ ತೆಗೆದುಹಾಕಿದ್ದೇನೆ, ಮಲಗುವಾಗ ಫೋನ್ ಅಡುಗೆಮನೆಯಲ್ಲಿ ಇರುತ್ತದೆ. ಮೊದಲ ವಾರ ಕೈ ದಿಂಬಿನ ಕೆಳಗೆ ತಡಕಾಡುತ್ತಿತ್ತು. ಈ ವರ್ಷ ಮೊದಲ ಸಲ ವ್ರತ ಎಂದರೆ ಏನೆಂದು ಗೊತ್ತಾಯಿತು.

ಕನ್ನಿಸ್ವಾಮಿಗಳೇ, ನಿಮ್ಮ ದೀಪ ಯಾವುದು ಎಂದು ಇವತ್ತೇ ಗುರುತಿಸಿಕೊಳ್ಳಿ. ಅದು ಟಪ್ರಿಯೋ, ಫೋನೋ, ಶುಕ್ರವಾರದ ಸಂಜೆಯೋ. ತಲೆ ಶಾಂತವಾಗಿರುವಾಗಲೇ ದಾರಿ ಬದಲಿಸಿ. ನಿದ್ದೆ ಕೆಡಿಸಿಕೊಳ್ಳಬೇಡಿ. ಒಬ್ಬ ಸ್ವಾಮಿಯ ನಂಬರನ್ನು ಆ ಹೊತ್ತಿಗೆಂದೇ ಇಟ್ಟುಕೊಳ್ಳಿ. ತಂಬಾಕು ಬಿಡಲು ಸಹಾಯ ಬೇಕಾದರೆ ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ ಸರ್ಕಾರದ ಉಚಿತ ನಂಬರ್ ಇದೆ, 1800-11-2356. ಗಮನ ನಿಲ್ಲದಿರುವುದು, ದುಡುಕುವುದು ಚಿಕ್ಕಂದಿನಿಂದ ಇದ್ದರೆ ವೈದ್ಯರಿಗೆ ತೋರಿಸಿ. ಅದಕ್ಕೆ ಔಷಧ ತೆಗೆದುಕೊಂಡರೆ ಭಕ್ತಿ ಕಡಿಮೆಯಾಗುವುದಿಲ್ಲ. ಮಾಲೆ ಬಿಚ್ಚಿದ ಮರುದಿನ ಬೇಲಿಯೆಲ್ಲ ಒಮ್ಮೆಗೇ ಬೀಳುತ್ತದೆ ಎಂಬುದೂ ನೆನಪಿರಲಿ. ಬೇಲಿಯ ಒಂದಾದರೂ ಗೂಟವನ್ನು, ಬೆಳಗಿನ ಸ್ನಾನವನ್ನೋ ಶನಿವಾರದ ಭಜನೆಯನ್ನೋ, ಹಾಗೇ ಉಳಿಸಿಕೊಳ್ಳಿ.

ಹಳೆಯ ಸ್ವಾಮಿಗಳಿಗೆ ಒಂದೇ ಮಾತು. ಇರುಮುಡಿಯನ್ನು ನಮ್ಮ ತಲೆಯ ಮೇಲೆ ನಾವೇ ಏರಿಸಿಕೊಳ್ಳುವುದಿಲ್ಲ. ಹೊರುವವರು ನಾವು, ಆದರೆ ಎತ್ತಿ ಇಡುವುದು ಗುರುಸ್ವಾಮಿಯ ಕೈ. ಯಾರಾದರೂ ದಾರಿಯಲ್ಲಿ ಕುಸಿದು ಕೂತಿದ್ದರೆ, ಭಕ್ತಿ ಎಲ್ಲಿದೆ ಎಂದು ಕೇಳುವ ಮೊದಲು ಊಟ ಮಾಡಿದ್ದಾರಾ ಎಂದು ಕೇಳೋಣ.

ಸ್ವಾಮಿಯೇ ಶರಣಂ ಅಯ್ಯಪ್ಪ.